ಪಿಜ್ಜಾ ಏಜೆನ್ಸಿ ಬೇಕೇ, ಸ್ವಾಮಿ?

ಮೊನ್ನೆ ಶುಕ್ರವಾರ ಸಂಜೆ ಬಸ್ ಸ್ಟ್ಯಾಂಡ್ ಎದುರಿನ ಬೇಕರಿಯಲ್ಲಿ ಟೀ ಕುಡಿಯಲು ನಿಂತಿದ್ದಾಗ ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದರು. ಗಲ್ಲಾ ಬಿಟ್ಟು ಏಳುವುದು ಅವರ ಜಾಯಮಾನವಲ್ಲ. ಕೈಗೆ ಮೊಬೈಲ್ ಕೊಟ್ಟು, "ಇದನ್ನ ಸ್ವಲ್ಪ ಓದಿ ಹೇಳ್ರೀ. ಮಗ ಹಿಡಿದ ಹಟ ಬಿಡ್ತಾ ಇಲ್ಲ" ಎಂದರು.

ಓದಿದೆ. ಡೊಮಿನೋಸ್ ಪಿಜ್ಜಾ ಏಜೆನ್ಸಿ ತಮ್ಮ ಊರಿಗೆ ಮಂಜೂರಾಗಿದೆ, ಅರ್ಜಿ ಶುಲ್ಕ ಮತ್ತು ನೋಂದಣಿ ಶುಲ್ಕ ಮೂರು ದಿನದೊಳಗೆ ಕಟ್ಟತಕ್ಕದ್ದು, ತಪ್ಪಿದಲ್ಲಿ ಬೇರೆಯವರಿಗೆ ಕೊಡಲಾಗುವುದು. ಕೆಳಗೆ ಬ್ಯಾಂಕ್ ಖಾತೆ ನಂಬರು. ಮೇಲೆ ಕೆಂಪು, ನೀಲಿ ಬಣ್ಣದ ಗುರುತು, ಅದರೊಳಗೆ ಮೂರು ಬಿಳಿ ಚುಕ್ಕೆ. ಎಲ್ಲಾ ಅಚ್ಚುಕಟ್ಟು.

"ದುಡ್ಡು ಕಟ್ಟಿದ್ದೀರಾ?"

"ಇಲ್ಲ, ಸೋಮವಾರ ಕಟ್ಟೋಣ ಅಂತ. ಒಡವೆ ಅಡ ಇಡಬೇಕು."

ಕಟ್ಟಬೇಡಿ ಎಂದೆ. ಯಾಕೆ ಅಂದರು. ಯಾಕೆ ಅನ್ನುವುದಕ್ಕೆ ಒಂದೇ ಸಾಲಿನ ಉತ್ತರವೂ ಇದೆ. ಆದರೆ ಒಂದು ಸಾಲಿಗೆ ಆ ಹುಡುಗ ಒಪ್ಪುವವನಲ್ಲ. "ಅಮೆರಿಕದಲ್ಲಿ ಕೊಡ್ತಾರಂತೆ, ಇಲ್ಯಾಕೆ ಕೊಡಲ್ಲ?" ಎಂದು ಒಳಗಿನಿಂದಲೇ ಕೂಗಿದ. ಸರಿ, ಕಂಪನಿಯ ಜಾತಕವನ್ನೇ ಬಿಚ್ಚಬೇಕಾಯಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಊರಿನಲ್ಲಿ ಅಂಥ ಮೆಸೇಜು ಬಂದಿರುವುದು ಅವನೊಬ್ಬನಿಗೇ ಇರಲಾರದು.

ಒಂದು ಹಳೆಯ ಕಾರಿಗೆ ಅರ್ಧ ಅಂಗಡಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇಪ್ಸಿಲಾಂಟಿ ಎಂಬ ಕಾಲೇಜು ಊರು. ಅಲ್ಲಿ 'ಡೊಮಿನಿಕ್ಸ್' ಎಂಬ ಸಣ್ಣ ಪಿಜ್ಜಾ ಅಂಗಡಿ ಮಾರಾಟಕ್ಕಿತ್ತು. 1960ರ ಡಿಸೆಂಬರಿನಲ್ಲಿ ಟಾಮ್ ಮೊನಾಹನ್ ಮತ್ತು ಜೇಮ್ಸ್ ಎಂಬ ಅಣ್ಣತಮ್ಮ ಇಬ್ಬರೂ ಸೇರಿ ಅದನ್ನು ಕೊಂಡರು. ಕೈಯಿಂದ ಕೊಟ್ಟ ಮುಂಗಡ 500 ಡಾಲರ್, ಅದಕ್ಕೂ ಸಾಲ. ಪಿಜ್ಜಾ ಮಾಡುವುದು ಇಬ್ಬರಿಗೂ ಗೊತ್ತಿರಲಿಲ್ಲ. ಹಳೆಯ ಯಜಮಾನ ಡೊಮಿನಿಕ್ ಡಿವಾರ್ಟಿ ನಿಂತ ಮೆಟ್ಟಿನಲ್ಲೇ ಒಂದಿಷ್ಟು ಪಾಠ ಹೇಳಿಕೊಟ್ಟು ಬೀಗದ ಕೈ ಕೊಟ್ಟ.

ಅಣ್ಣ ಟಾಮ್‌ನ ಬಾಲ್ಯ ಕೇಳುವಂಥದ್ದಲ್ಲ. ನಾಲ್ಕು ವರ್ಷದವನಿದ್ದಾಗ ಕ್ರಿಸ್ಮಸ್ ಹಿಂದಿನ ದಿನ ಅಪ್ಪ ತೀರಿಕೊಂಡ. ಸಾಕಲಾರದ ತಾಯಿ ಮಕ್ಕಳಿಬ್ಬರನ್ನೂ ಸನ್ಯಾಸಿನಿಯರ ಅನಾಥಾಲಯಕ್ಕೆ ಸೇರಿಸಿದಳು. ದೊಡ್ಡವನಾಗಿ ಸೈನ್ಯ ಸೇರಿ, ಅಲ್ಲಿ ಉಳಿಸಿದ ದುಡ್ಡನ್ನು ಎಣ್ಣೆ ಬಾವಿಯ ಆಸೆ ತೋರಿಸಿದ ಒಬ್ಬ ಠಕ್ಕನ ಕೈಗೆ ಹಾಕಿ ಕಳೆದುಕೊಂಡ. (ಈ ಸಂಗತಿ ಹೇಳಿದಾಗ ಬೇಕರಿ ಯಜಮಾನರು ಮಗನ ಕಡೆ ತಿರುಗಿ ನೋಡಿದರು.) ಮನೆ ಕಟ್ಟುವ ಎಂಜಿನಿಯರಿಕೆ ಕಲಿಯಬೇಕೆಂದು ಕಾಲೇಜು ಸೇರಿದ, ಫೀಸಿಗೆ ದುಡ್ಡಿಲ್ಲದೆ ಬಿಟ್ಟ. ಪಿಜ್ಜಾ ಅಂಗಡಿ ಎಂದರೆ ಅವನಿಗೆ ಕಾಲೇಜು ಫೀಸು ಹೊಂದಿಸುವ ಒಂದು ದಾರಿ, ಅಷ್ಟೇ. ಫೀಸಿನ ಮಾತು ಆಮೇಲೆ ಮರೆತೇಹೋಯಿತು. ಕಾಲೇಜು ಅರ್ಧಕ್ಕೆ ಬಿಟ್ಟವರೆಲ್ಲ ಹೀಗೇ ಉದ್ಧಾರವಾಗುತ್ತಾರೆ ಎಂದು ಯಾರೂ ತಿಳಿಯಬಾರದು. ಬಿಟ್ಟವನೇ ಹೇಳುತ್ತಿದ್ದೇನೆ.

ತಮ್ಮ ಜೇಮ್ಸ್‌ಗೆ ಅಂಚೆ ಕಚೇರಿಯಲ್ಲಿ ಖಾಯಂ ನೌಕರಿ. ಅದನ್ನು ಬಿಡುವ ಮನಸ್ಸಾಗಲಿಲ್ಲ. ಸುಮಾರು ಎಂಟು ತಿಂಗಳಿಗೆ, 1961ರಲ್ಲಿ, ಅಂಗಡಿಯ ತನ್ನ ಅರ್ಧ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟ. ಬದಲಿಗೆ ಪಡೆದದ್ದು, ಪಿಜ್ಜಾ ಸಾಗಿಸಲು ಇಟ್ಟಿದ್ದ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಲೋಕದ ವ್ಯಾಪಾರಗಳಲ್ಲಿ ಇಷ್ಟು ದುಬಾರಿ ಕಾರನ್ನು ಇನ್ನೊಬ್ಬ ಕೊಂಡಿರಲಿಕ್ಕಿಲ್ಲ. ಆದರೂ ಅವನನ್ನು ನೋಡಿ ನಗುವ ಹಾಗಿಲ್ಲ. ಆ ಹೊತ್ತಿಗೆ ಕಾರು ಓಡುತ್ತಿತ್ತು, ಅಂಗಡಿ ಓಡುತ್ತಿರಲಿಲ್ಲ.

ಸಣ್ಣದನ್ನು ಬಿಟ್ಟ, ದುಡ್ಡು ಕಂಡ

ಅಂಗಡಿಯಲ್ಲಿ ಆರು ಇಂಚಿನ ಸಣ್ಣ ಪಿಜ್ಜಾಕ್ಕೆ ಗಿರಾಕಿ ಹೆಚ್ಚು. ಒಂದು ರಾತ್ರಿ ಕೆಲಸದವರು ಕೈಕೊಟ್ಟರು. ವಿಪರೀತ ನೂಕುನುಗ್ಗಲು. ಇವತ್ತು ಸಣ್ಣದು ಇಲ್ಲ, ದೊಡ್ಡದಿದ್ದರೆ ತಗೊಳ್ಳಿ ಎಂದು ಮೊನಾಹನ್ ಫೋನಿನಲ್ಲೇ ಹೇಳಿಬಿಟ್ಟ. ರಾತ್ರಿ ಲೆಕ್ಕ ಹಾಕಿದರೆ ಎಂದೂ ಇಲ್ಲದ ಲಾಭ!

ಕಾರಣ ಸರಳ. ಸಣ್ಣದಕ್ಕೂ ಹಿಟ್ಟು ತಟ್ಟುವ ಹೊತ್ತು ಅಷ್ಟೇ, ಡಬ್ಬಿ ಒಂದೇ, ಕಾರಿನ ಪೆಟ್ರೋಲು ಒಂದೇ. ಬರುವ ದುಡ್ಡು ಮಾತ್ರ ಕಮ್ಮಿ. ಅಂದಿನಿಂದ ಆರಿಂಚು ಬಂದ್. ಊಟಕ್ಕೆ ಕೂರುವ ಮೇಜು, ಹತ್ತಾರು ಬಗೆಯ ತಿಂಡಿ, ಇವನ್ನೂ ಒಂದೊಂದಾಗಿ ಬಿಟ್ಟ. ಪಿಜ್ಜಾ, ಕುಡಿಯಲು ಕೋಲಾ, ಮನೆ ಬಾಗಿಲಿಗೆ ಸಾಗಾಟ. ಉಳಿದದ್ದು ಬೇಡ. ಕಾಲೇಜು ಹಾಸ್ಟೆಲ್ಲುಗಳೂ ಸೈನಿಕರ ಬ್ಯಾರಕ್ಕುಗಳೂ ಎಲ್ಲಿವೆಯೋ ಅಲ್ಲೇ ಅಂಗಡಿ ತೆಗೆದ. ಹೊತ್ತಲ್ಲದ ಹೊತ್ತಲ್ಲಿ ಹಸಿಯುವವರು ಅಲ್ಲೇ ಇರುವುದು.

1965ರಲ್ಲಿ ಮೂರು ಅಂಗಡಿಗಳಾಗಿದ್ದವು. 'ಡೊಮಿನಿಕ್ಸ್' ಹೆಸರನ್ನು ಎಲ್ಲಾ ಕಡೆ ಬಳಸಲು ಹಳೆಯ ಯಜಮಾನ ಒಪ್ಪಲಿಲ್ಲ. ಕೆಲಸದವನೊಬ್ಬ ಸೂಚಿಸಿದ್ದು 'ಡೊಮಿನೋಸ್'. ಡಾಮಿನೋ ಆಟದ ಹಲಗೆಯೇ ಗುರುತು. ಅದರ ಮೇಲಿನ ಮೂರು ಚುಕ್ಕೆ ಎಂದರೆ ಆಗ ಇದ್ದ ಮೂರು ಅಂಗಡಿ. ಹೊಸ ಅಂಗಡಿಗೆ ಒಂದೊಂದು ಚುಕ್ಕೆ ಸೇರಿಸುವ ಯೋಚನೆಯಿತ್ತು. ಪುಣ್ಯಕ್ಕೆ ಕೈಬಿಟ್ಟರು. 2023ರಲ್ಲಿ ಲೋಕದಾದ್ಯಂತ ಅಂಗಡಿಗಳ ಸಂಖ್ಯೆ 20,000 ದಾಟಿತು.

ಬೆಂಕಿ, ಬ್ಯಾಂಕು, ಸಕ್ಕರೆ

ಏರುವ ದಾರಿ ನೆಟ್ಟಗೇನೂ ಇರಲಿಲ್ಲ. 1968ರಲ್ಲಿ ಬೆಂಕಿ ಬಿದ್ದು ಕೇಂದ್ರ ಕಚೇರಿ, ಎಲ್ಲಾ ಅಂಗಡಿಗಳಿಗೂ ಹಿಟ್ಟು ಸಾಮಾನು ಹೋಗುತ್ತಿದ್ದ ಉಗ್ರಾಣ ಎಲ್ಲಾ ಹಾಳಾಯಿತು. ಅದು ಸುಧಾರಿಸುವಷ್ಟರಲ್ಲಿ ಆತುರಕ್ಕೆ ಬಿದ್ದು ಕಂಡಕಂಡಲ್ಲಿ ಅಂಗಡಿ ತೆಗೆದ. 1970ಕ್ಕೆ ಸಾಲ 15 ಲಕ್ಷ ಡಾಲರ್ ಮುಟ್ಟಿತು. ಆಡಳಿತ ಬ್ಯಾಂಕಿನವರ ಕೈಗೆ ಹೋಯಿತು. ಏಜೆನ್ಸಿ ಪಡೆದಿದ್ದ ಅಂಗಡಿಕಾರರೇ ಕೋರ್ಟಿಗೆ ಹೋದರು. ಇದರಲ್ಲಿ ಲಾಭವಿಲ್ಲ, ತಲೆನೋವು ಮಾತ್ರ ಎಂದು ಮನಗಂಡ ಬ್ಯಾಂಕು 1971ರಲ್ಲಿ ಕಂಪನಿಯನ್ನು ತಿರುಗಿ ಅವನಿಗೇ ಒಪ್ಪಿಸಿತು. ಸಾಲಗಾರರ ಬಳಿ ಒಬ್ಬೊಬ್ಬರ ಬಳಿಗೂ ಹೋಗಿ ಗಡುವು ಕೇಳಿ, ವರ್ಷಗಟ್ಟಲೆ ತೀರಿಸಿದ.

ಅಷ್ಟರಲ್ಲಿ 'ಡಾಮಿನೋ' ಹೆಸರಿನ ಸಕ್ಕರೆ ಮಾರುತ್ತಿದ್ದ ಆಮ್‌ಸ್ಟಾರ್ ಎಂಬ ದೊಡ್ಡ ಕಂಪನಿ 1975ರಲ್ಲಿ ದಾವೆ ಹೂಡಿತು. ಹೆಸರು ನಮ್ಮದು, ಬಿಡು ಎಂದು. ಕೆಳಗಿನ ಕೋರ್ಟಿನಲ್ಲಿ ಪಿಜ್ಜಾದವರು ಸೋತರು. ಸ್ವಲ್ಪ ಕಾಲ ಹೊಸ ಅಂಗಡಿಗಳನ್ನು 'ಪಿಜ್ಜಾ ಡಿಸ್ಪ್ಯಾಚ್' ಎಂಬ ಹೆಸರಿನಲ್ಲಿ ತೆರೆಯಬೇಕಾಯಿತು. 1980ರಲ್ಲಿ ಮೇಲಿನ ಕೋರ್ಟು ತೀರ್ಪನ್ನು ತಿರುಗಿಸಿತು. ಜನ ಹೆಸರಿನಿಂದ ಮೋಸಹೋಗುತ್ತಾರೆ ಎಂದು ತೋರಿಸಲು ಸಕ್ಕರೆಯವರು ಹಗಲು ಹೊತ್ತು ಮನೆಯಲ್ಲಿರುವ ಗೃಹಿಣಿಯರನ್ನು ಕೇಳಿ ಸಮೀಕ್ಷೆ ಮಾಡಿದ್ದರು. ಪಿಜ್ಜಾ ತರಿಸುವವರೋ ಹೆಚ್ಚಾಗಿ ಕಾಲೇಜು ಹುಡುಗರು. ಆ ಸಮೀಕ್ಷೆಗೆ ಬೆಲೆಯಿಲ್ಲ ಎಂದಿತು ಕೋರ್ಟು.

ಹೆಸರು ಉಳಿದ ಮೇಲೆ ಕಂಪನಿಗೆ ಬಾಲ ಹಿಡಿಯುವವರೇ ಇಲ್ಲವಾಯಿತು. 1983ರಲ್ಲಿ ಸಾವಿರನೇ ಅಂಗಡಿ, ಅದೇ ವರ್ಷ ಕೆನಡಾದ ವಿನ್ನಿಪೆಗ್‌ನಲ್ಲಿ ಮೊದಲ ಪರದೇಶಿ ಅಂಗಡಿ. 1985 ಒಂದೇ ವರ್ಷದಲ್ಲಿ 900ಕ್ಕೂ ಹೆಚ್ಚು. 1989ರಲ್ಲಿ ಐದು ಸಾವಿರನೆಯದು. ಮೊನಾಹನ್ 1983ರಲ್ಲಿ 5 ಕೋಟಿ 30 ಲಕ್ಷ ಡಾಲರಿಗೆ ಡೆಟ್ರಾಯಿಟ್ ಟೈಗರ್ಸ್ ಎಂಬ ಬೇಸ್‌ಬಾಲ್ ತಂಡವನ್ನೇ ಕೊಂಡ. ಮರುವರ್ಷ ಆ ತಂಡ ಚಾಂಪಿಯನ್ ಆಯಿತು. 1992ರಲ್ಲಿ ಅದನ್ನು ಮಾರಿದ್ದು ಯಾರಿಗೆ ಗೊತ್ತೇ? ಎದುರಾಳಿ ಪಿಜ್ಜಾ ಕಂಪನಿ 'ಲಿಟಲ್ ಸೀಸರ್ಸ್' ಧಣಿಗೆ.

ಏಜೆನ್ಸಿ ಯಾರಿಗೆ ಸಿಕ್ಕಿತು?

ಬೇಕರಿಯ ಹುಡುಗ ಕಿವಿಗೊಟ್ಟದ್ದು ಇಲ್ಲಿ. ಇಷ್ಟು ಸಾವಿರ ಅಂಗಡಿಗೆ ಮೊನಾಹನ್ ಬಂಡವಾಳ ಎಲ್ಲಿಂದ ತಂದ? ತರಲಿಲ್ಲ. 1967ರಿಂದ ಅವನು ಫ್ರಾಂಚೈಸಿ ಕೊಡಲು ಶುರುಮಾಡಿದ. ಅಂಗಡಿಯ ಬಂಡವಾಳ, ಬಾಡಿಗೆ, ಸಂಬಳ ಎಲ್ಲಾ ಅಂಗಡಿಕಾರನದು. ಹೆಸರು, ಪದ್ಧತಿ ಕಂಪನಿಯದು. ಅದಕ್ಕೆ ಪ್ರತಿಯಾಗಿ ಮಾರಾಟದಲ್ಲಿ ಕಂಪನಿಗೆ ಪಾಲು. ಅಮೆರಿಕದಲ್ಲಿ ಇದು ನೂರಕ್ಕೆ ಐದೂವರೆ, ಜಾಹೀರಾತಿನ ವಂತಿಗೆ ಬೇರೆ. ಲಾಭದಲ್ಲಿ ಅಲ್ಲ, ಮಾರಾಟದಲ್ಲಿ. ಅಂಗಡಿಕಾರ ನಷ್ಟದಲ್ಲಿದ್ದರೂ ಕಂಪನಿಯ ಪಾಲು ಬರುತ್ತಲೇ ಇರುತ್ತದೆ. ಇದನ್ನು ವ್ಯಾಪಾರಸ್ಥರು ಎರಡು ಸಲ ಓದಬೇಕು.

ಇನ್ನೂ ದೊಡ್ಡ ಆದಾಯ ಬೇರೆ ಕಡೆ ಇದೆ. ಹಿಟ್ಟಿನ ಉಂಡೆ, ಚೀಸು, ಸಾಸು ಕಂಪನಿಯ ಉಗ್ರಾಣದಿಂದಲೇ ಲಾರಿಯಲ್ಲಿ ಬರುತ್ತದೆ. ಕಂಪನಿಯ ಒಟ್ಟು ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಈ ಸರಬರಾಜಿನಿಂದ! ಅಂದರೆ ಡೊಮಿನೋಸ್‌ನ ನಿಜವಾದ ಗಿರಾಕಿ ನಾವಲ್ಲ, ಅದರ ಅಂಗಡಿಕಾರ. "ನಮ್ಮ ಮೈದಾ ಮಂಡಿಯವರ ಥರ ಅನ್ನಿ" ಎಂದರು ಬೇಕರಿ ಯಜಮಾನರು. ಹೌದು, ಆದರೆ ಮಂಡಿಯವರು ನಿಮ್ಮ ಬೋರ್ಡಿನ ಮೇಲೆ ತಮ್ಮ ಹೆಸರು ಬರೆಸುವುದಿಲ್ಲ.

ಹಾಗಾದರೆ ಈ ಫ್ರಾಂಚೈಸಿ ಯಾರಿಗೆ ಕೊಟ್ಟರು? ದುಡ್ಡಿದ್ದವರಿಗೆಲ್ಲ ಅಲ್ಲ. ಅಂಗಡಿಯಲ್ಲಿ ಮ್ಯಾನೇಜರಾಗಿ ದುಡಿದು ತೋರಿಸಿದವನಿಗೆ. ಇವತ್ತಿಗೂ ಅಮೆರಿಕದ ಡೊಮಿನೋಸ್ ಅಂಗಡಿಕಾರರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಒಂದು ಕಾಲಕ್ಕೆ ಪಿಜ್ಜಾ ಹೊತ್ತು ಬಾಗಿಲು ತಟ್ಟಿದವರು, ಇಲ್ಲವೇ ಒಳಗೆ ಹಿಟ್ಟು ತಟ್ಟಿದವರು ಎಂದು ಕಂಪನಿಯೇ ಹೇಳಿಕೊಳ್ಳುತ್ತದೆ. ಡೆಲಿವರಿ ಹುಡುಗ ಯಜಮಾನನಾಗುವ ಈ ಏಣಿಯೇ ಕಂಪನಿ ಬೆಳೆದ ಗುಟ್ಟು ಎಂದು ನನಗನ್ನಿಸುತ್ತದೆ. ಅಂಗಡಿ ನನ್ನದಾಗುತ್ತದೆ ಎಂಬ ಆಸೆಯಿದ್ದವನು ರಾತ್ರಿ ಎರಡು ಗಂಟೆಗೂ ನಗುತ್ತಾ ಪಿಜ್ಜಾ ಕೊಡುತ್ತಾನೆ.

ಮೂವತ್ತು ನಿಮಿಷದ ಬೆಲೆ

ಆದರೆ ಆ ಹುಡುಗನ ತಲೆಯ ಮೇಲೆ ಗಡಿಯಾರವನ್ನು ಕಟ್ಟಿದ್ದೂ ಇದೇ ಕಂಪನಿ. 1970ರ ದಶಕದಲ್ಲಿ, ಅರ್ಧ ಗಂಟೆ ಮೀರಿದರೆ ಅರ್ಧ ಡಾಲರ್ ಮುರಿದುಕೊಳ್ಳಿ ಎಂದರು. ಆಮೇಲೆ 30 ನಿಮಿಷ ದಾಟಿದರೆ ಪುಕ್ಕಟೆ ಎಂದರು. ಆಮೇಲೆ 3 ಡಾಲರ್ ಕಡಿತ. ಜನ ಬಾಗಿಲಲ್ಲಿ ವಾಚು ನೋಡುತ್ತಾ ನಿಂತರು. ಕಂಪನಿಯ ವಾದ ಬೇರೆ ಇತ್ತು. ಹೊತ್ತು ಉಳಿಸುವುದು ರಸ್ತೆಯಲ್ಲಲ್ಲ, ಒಲೆಯ ಮುಂದೆ. ಹತ್ತು ಹನ್ನೆರಡು ನಿಮಿಷದಲ್ಲಿ ಪಿಜ್ಜಾ ತಯಾರು, ಅಂಗಡಿಯ ಸರಹದ್ದೂ ಸಣ್ಣದು, ಓಡುವ ಅಗತ್ಯವೇ ಇಲ್ಲ ಎಂದು.

ಕಾಗದದ ಮೇಲೆ ಸರಿ. 1988ರಲ್ಲಿ ತನ್ನ ಡ್ರೈವರ್‌ಗಳು ಸೇರಿಕೊಂಡ ಅಪಘಾತಗಳಲ್ಲಿ 20 ಸಾವು ಆಗಿವೆ ಎಂದು ಕಂಪನಿಯೇ ಒಪ್ಪಬೇಕಾಯಿತು. ಇಂಡಿಯಾನಾ ರಾಜ್ಯದ ಒಬ್ಬ ಹೆಂಗಸಿನ ಸಾವಿಗೆ 28 ಲಕ್ಷ ಡಾಲರ್ ತೆತ್ತಿತು. ಸೇಂಟ್ ಲೂಯಿಸ್ ನಗರದಲ್ಲಿ 1989ರಲ್ಲಿ ಡ್ರೈವರ್ ಒಬ್ಬ ಕೆಂಪು ದೀಪ ಲೆಕ್ಕಿಸದೆ ನುಗ್ಗಿ ಒಬ್ಬ ಮಹಿಳೆಯ ಕಾರಿಗೆ ಗುದ್ದಿದ. 1993ರ ಡಿಸೆಂಬರಿನಲ್ಲಿ ಅಲ್ಲಿನ ಜ್ಯೂರಿ ಆಕೆಗೆ ಹೆಚ್ಚುಕಡಿಮೆ 7 ಕೋಟಿ 90 ಲಕ್ಷ ಡಾಲರ್ ಪರಿಹಾರ ಕೊಡಿಸಬೇಕೆಂದಿತು. ಅದಾದ ಕೆಲವೇ ದಿನಕ್ಕೆ ಅಮೆರಿಕದಲ್ಲಿ 30 ನಿಮಿಷದ ವಾಗ್ದಾನ ರದ್ದಾಯಿತು. ಜನರಲ್ಲಿ ತಪ್ಪು ಭಾವನೆ ಬಂದಿದೆ, ಅದಕ್ಕೇ ಬಿಡುತ್ತಿದ್ದೇವೆ ಎಂದರು. ಸತ್ತವರ ಮನೆಯಲ್ಲಿ ಭಾವನೆ ಹೇಗಿತ್ತೋ.

ಅಲ್ಲಿ ಬಿಟ್ಟ ಮಾತು ಆಮೇಲೆ ಇಂಡಿಯಾದಲ್ಲಿ ನಡೆಯಿತು. '30 ನಿಮಿಷ, ಇಲ್ಲದಿದ್ದರೆ ಪುಕ್ಕಟೆ' ಎಂಬ ಮಾತು ಇಲ್ಲಿನ ಜಾಹೀರಾತುಗಳಲ್ಲಿ ವರ್ಷಗಟ್ಟಲೆ ಮೆರೆಯಿತು. 2022ರಲ್ಲಿ ಬೆಂಗಳೂರಿನ 14 ವಲಯಗಳಲ್ಲಿ 20 ನಿಮಿಷದ ಡೆಲಿವರಿ ಶುರುಮಾಡಿದರು. ಅಡುಗೆಮನೆ ಕೆಲಸ ಚುರುಕು ಮಾಡಿದ್ದೇವೆ, ಅಂಗಡಿಗಳನ್ನು ಹತ್ತಿರ ಹತ್ತಿರ ಇಟ್ಟಿದ್ದೇವೆ ಎಂಬುದು ಸಮಜಾಯಿಷಿ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದ ಯಾವ ಬಸ್ ಪ್ರಯಾಣಿಕನಿಗೂ 20 ನಿಮಿಷ ಎಂದರೆ ಎಷ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ.

"ನಮ್ಮ ಪಿಜ್ಜಾ ಚೆನ್ನಾಗಿಲ್ಲ"

1998ರಲ್ಲಿ ಮೊನಾಹನ್ ಕಂಪನಿಯ ನೂರಕ್ಕೆ 93 ಪಾಲನ್ನು ಬೇನ್ ಕ್ಯಾಪಿಟಲ್ ಎಂಬ ಹಣಕಾಸು ಕಂಪನಿಗೆ ಮಾರಿ, ಸುಮಾರು 100 ಕೋಟಿ ಡಾಲರ್ ಪಡೆದು, ಧರ್ಮಕಾರ್ಯಕ್ಕೂ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಕಟ್ಟುವುದಕ್ಕೂ ಇಳಿದ. 2004ರಲ್ಲಿ ಷೇರು ಪೇಟೆಗೆ ಬಂತು. ಇದೆಲ್ಲ ದೊಡ್ಡವರ ಲೆಕ್ಕ, ಬಿಡಿ.

ವ್ಯಾಪಾರಸ್ಥರು ನೆನಪಿಡುವಂಥದ್ದು 2009ರ ಕೊನೆಯದು. ಗಿರಾಕಿಗಳು ಬೈಯುತ್ತಿದ್ದರು. ರೊಟ್ಟಿ ರಟ್ಟಿನ ಹಾಗಿದೆ, ಸಾಸು ಬರೀ ಕೆಚಪ್ಪು ಎಂದು. ಕಂಪನಿ ಆ ಬೈಗುಳಗಳನ್ನೇ ಟಿವಿ ಜಾಹೀರಾತಿನಲ್ಲಿ ಓದಿ ಹೇಳಿತು! ಹೌದು, ಚೆನ್ನಾಗಿರಲಿಲ್ಲ, ಹಿಟ್ಟು, ಸಾಸು, ಚೀಸು ಮೂರನ್ನೂ ಬದಲಿಸಿದ್ದೇವೆ, ಇನ್ನೊಂದು ಸಲ ನೋಡಿ ಎಂದಿತು. 2010ರ ಮೊದಲ ಮೂರು ತಿಂಗಳಲ್ಲೇ ಅಮೆರಿಕದ ಹಳೆಯ ಅಂಗಡಿಗಳ ಮಾರಾಟ ಹಿಂದಿನ ವರ್ಷಕ್ಕಿಂತ ನೂರಕ್ಕೆ 14ರಷ್ಟು ಏರಿತು. ನಮ್ಮ ಊರಿನಲ್ಲಿ ನಿನ್ನೆಯ ಬನ್ನನ್ನು ನಿನ್ನೆಯದು ಎಂದು ಒಪ್ಪಿಕೊಂಡವರನ್ನು ನಾನಂತೂ ಕಂಡಿಲ್ಲ. (ಯಜಮಾನರ ಎದುರಿಗೇ ಹೇಳಿದೆ. ಬೇರೆ ಅಂಗಡಿಯವರ ಮಾತು ಎಂದು ತಿಳಿದರು.)

ಇಲ್ಲಿ ಯಾಕೆ ಕೊಡಲ್ಲ?

ಈಗ ಹುಡುಗನ ಪ್ರಶ್ನೆಗೆ ಬರೋಣ. ಡೊಮಿನೋಸ್ ಇಂಡಿಯಾಕ್ಕೆ ಬಂದದ್ದು 1996ರ ಜನವರಿಯಲ್ಲಿ, ದೆಹಲಿಗೆ. ಇಡೀ ದೇಶದ ಹಕ್ಕನ್ನು ಪಡೆದಿರುವುದು ಒಂದೇ ಕಂಪನಿ, ಈಗಿನ ಹೆಸರು ಜುಬಿಲೆಂಟ್ ಫುಡ್‌ವರ್ಕ್ಸ್. 2010ರಲ್ಲಿ ಅದೂ ಷೇರು ಪೇಟೆಗೆ ಬಂತು. 2024ರಲ್ಲಿ ಇಲ್ಲಿ ಎರಡು ಸಾವಿರ ಅಂಗಡಿಗಳ ಗಡಿ ದಾಟಿತು. ಅಮೆರಿಕ ಬಿಟ್ಟರೆ ಲೋಕದಲ್ಲೇ ಹೆಚ್ಚು ಡೊಮಿನೋಸ್ ಅಂಗಡಿಗಳಿರುವುದು ನಮ್ಮಲ್ಲಿ. ದಕ್ಷಿಣದ ಅಂಗಡಿಗಳಿಗೆ ಹಿಟ್ಟು ಬರುವುದು ಬೆಂಗಳೂರಿನ ದೊಡ್ಡ ಘಟಕದಿಂದ, ತಣ್ಣನೆಯ ಲಾರಿಯಲ್ಲಿ.

ಪನೀರು ಹಾಕಿದರು, ನವರಾತ್ರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದನ್ನು ಮಾಡಿದರು. ಮೊನಾಹನ್ ಯಾವ ಸಣ್ಣ ಪಿಜ್ಜಾವನ್ನು ಬಿಟ್ಟು ಬದುಕಿದನೋ ಅದೇ ಸಣ್ಣ ಪಿಜ್ಜಾವನ್ನು 'ಪಿಜ್ಜಾ ಮೇನಿಯಾ' ಎಂದು ಒಂದು ಕಾಲಕ್ಕೆ 35 ರೂಪಾಯಿಗೆ ಮಾರಿ ಇಲ್ಲಿನ ಹುಡುಗರನ್ನು ಒಳಗೆ ಕರೆದರು.

ಆದರೆ ಒಂದು ವಿಷಯ ಮಾತ್ರ ಅಮೆರಿಕದಿಂದ ಇಲ್ಲಿಗೆ ಬರಲೇ ಇಲ್ಲ. ಆ ಏಣಿ. ಇಂಡಿಯಾದ ಡೊಮಿನೋಸ್ ಅಂಗಡಿಗಳನ್ನು ಜುಬಿಲೆಂಟ್ ತಾನೇ ನಡೆಸುತ್ತದೆ. ಯಾರಿಗೂ ಒಳ ಫ್ರಾಂಚೈಸಿ ಕೊಡುವುದಿಲ್ಲ. ಬೇಕರಿಯವನಿಗೂ ಇಲ್ಲ, ಎಂಎಲ್‌ಎ ಭಾಮೈದನಿಗೂ ಇಲ್ಲ, ಪಿಜ್ಜಾ ಹೊತ್ತು ಬೈಕಿನಲ್ಲಿ ಓಡುವ ಹುಡುಗನಿಗೂ ಇಲ್ಲ. ಹೆಚ್ಚೆಂದರೆ ನಿಮ್ಮ ಕಟ್ಟಡ ಒಳ್ಳೆಯ ಜಾಗದಲ್ಲಿದ್ದರೆ ಬಾಡಿಗೆಗೆ ಕೇಳಬಹುದು. ಆಗ ದುಡ್ಡು ಕೊಡುವವರು ಅವರು, ನೀವಲ್ಲ. ಡೊಮಿನೋಸ್ ಏಜೆನ್ಸಿ ಕೊಡುತ್ತೇವೆ, ಶುಲ್ಕ ಕಟ್ಟಿ ಎಂದು ಯಾರಾದರೂ ಕೇಳಿದರೆ ಅವನು ಮೂರು ಚುಕ್ಕೆಯ ಚಿತ್ರ ಅಂಟಿಸಿಕೊಂಡ ಕಳ್ಳ. ದೇಶದ ಹಲವು ಕಡೆ ಇದೇ ಹೆಸರಿನಲ್ಲಿ ಮೋಸವಾಗಿ ಪೊಲೀಸ್ ಕೇಸುಗಳೂ ಆಗಿವೆ. ಈಗಾಗಲೇ ಕಟ್ಟಿದವರಿದ್ದರೆ ನಾಚಿಕೆ ಬಿಟ್ಟು 1930 ನಂಬರಿಗೆ ಫೋನ್ ಮಾಡಬೇಕು. ಸೈಬರ್ ವಂಚನೆಗೆಂದೇ ಇರುವ ಸರ್ಕಾರಿ ನಂಬರು ಅದು. ಎಷ್ಟು ಬೇಗ ಮಾಡಿದರೆ ದುಡ್ಡು ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಸೋಮವಾರ ಬೇಕರಿ ಕಡೆ ಹೋದೆ. ಒಡವೆ ಮನೆಯಲ್ಲೇ ಇತ್ತು. ಏಜೆನ್ಸಿಯವನು ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿ, ಅರ್ಧವಾದರೂ ಕಟ್ಟಿ ಎಂದನಂತೆ. ಒಳಗೆ ಬ್ರೆಡ್ ಒಲೆಯ ಮುಂದೆ ಮಗ ಬೆವರು ಒರೆಸಿಕೊಳ್ಳುತ್ತಾ ಹಿಟ್ಟು ತಟ್ಟುತ್ತಿದ್ದ. ಮೇಲೆ ಟೊಮೆಟೊ, ಕ್ಯಾಪ್ಸಿಕಂ, ಚೀಸು. ಬುಧವಾರದಿಂದ ಅಂಗಡಿಯಲ್ಲಿ ಪಿಜ್ಜಾ ಇಡುತ್ತಾರಂತೆ, 60 ರೂಪಾಯಿ.

"ಆರಿಂಚಿನದು ಬೇಡ, ದೊಡ್ಡದು ಮಾಡಿ. ಅವನ ಕಥೆ ಹೇಳಲಿಲ್ವೆ?" ಎಂದೆ.

"ನೀವೊಬ್ರು," ಎಂದರು ಯಜಮಾನರು, ಚಿಲ್ಲರೆ ಎಣಿಸುತ್ತಾ. "ಈ ಊರಲ್ಲಿ ದೊಡ್ಡದು ಯಾರ್ರೀ ತಗೋತಾರೆ?"